ಕೊಯ್ದ ಹಾಳೆಯ ಹನ್ನೊಂದು ಸಾಲು

ಉಮಾಮಹೇಶ್ವರಿಗೆ ಗ್ರೀಕ್ ಬರುತ್ತಿರಲಿಲ್ಲ. ಆದರೂ ನಾಲ್ಕು ವರ್ಷದಿಂದ ಅವಳು ವಾರಕ್ಕೆ ಆರು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ, ಗ್ರೀಕ್ ಅಕ್ಷರಗಳನ್ನೇ ಟೈಪ್ ಮಾಡುತ್ತಿದ್ದಳು. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಆಫೀಸಿನಲ್ಲಿ ಎಂಟು ಕಂಪ್ಯೂಟರುಗಳಿದ್ದವು. ದೂರದ ದೇಶದ ವಿಶ್ವವಿದ್ಯಾಲಯವೊಂದು ಬೈಬಲ್ಲಿನ ಹಳೆಯ ಹಸ್ತಪ್ರತಿಗಳ ಫೋಟೋಗಳನ್ನು ಕಳಿಸುತ್ತಿತ್ತು. ಇವರು ಕಂಡದ್ದನ್ನು ಕಂಡ ಹಾಗೆ, ಅಕ್ಷರಕ್ಕೆ ಅಕ್ಷರ, ಸಾಲಿಗೆ ಸಾಲು ಹೊಡೆದು ಕಳಿಸಬೇಕು.

ಅವಳಿಗೆ ಈ ಕೆಲಸ ಸಿಕ್ಕಿದ್ದೇ ಗ್ರೀಕ್ ಬಾರದ ಕಾರಣಕ್ಕೆ. ಆಫೀಸು ನೋಡಿಕೊಳ್ಳುತ್ತಿದ್ದ ಅರುಣ್ ಕುಮಾರ್ ಮೊದಲ ದಿನವೇ ಬಿಡಿಸಿ ಹೇಳಿದ್ದ: "ಅರ್ಥ ಗೊತ್ತಿದ್ದೋರು ಬರೆದವನ ತಪ್ಪನ್ನ ತಮಗೇ ಗೊತ್ತಿಲ್ದಂಗೆ ತಿದ್ದಿಬಿಡ್ತಾರೆ, ಉಮಕ್ಕ. ಪ್ರೊಫೆಸರ್‌ಗಳಿಗೆ ಬೇಕಾಗಿರೋದೇ ಆ ತಪ್ಪು. ಎರಡು ಪ್ರತಿಯಾಗೆ ಒಂದೇ ತಪ್ಪು ಒಂದೇ ಜಾಗದಾಗೆ ಐತೆ ಅಂದ್ರೆ ಎರಡಕ್ಕೂ ತಾಯಿ ಪ್ರತಿ ಒಂದೇ ಅಂತ ಲೆಕ್ಕ. ಹಂಗೆ ತಪ್ಪು ಹಿಡಕೊಂಡು ಹಿಂದಕ್ಕೆ ಹಿಂದಕ್ಕೆ ಹೋಗ್ತಾರೆ."

ಉಮಾಮಹೇಶ್ವರಿ ನಕ್ಕಿದ್ದಳು. ಅದು ಅವಳಿಗೆ ಹೊಸ ಮಾತೇನೂ ಆಗಿರಲಿಲ್ಲ. ಭಾನುವಳ್ಳಿಯ ನಾಲೆ ನೀರಿನ ಗದ್ದೆಯ ಮನೆಯಲ್ಲಿ ಹುಟ್ಟಿದವಳು ಅವಳು. ಪಿಯುಸಿಯಲ್ಲಿ ಒಂದು ವಿಷಯ ಹೋಗಿ ಮನೆಯಲ್ಲಿ ಕೂತಿದ್ದಾಗ ಸೋದರಮಾವ ಕರೆದುಕೊಂಡು ಬಂದು ದಾವಣಗೆರೆಯ ಸಣ್ಣ ಪ್ರೆಸ್ಸೊಂದಕ್ಕೆ ಸೇರಿಸಿದ್ದ. ಹತ್ತು ವರ್ಷ ಅಲ್ಲಿ ಸೀಸದ ಅಚ್ಚಿನ ಮೊಳೆ ಜೋಡಿಸಿದಳು. ಲಗ್ನಪತ್ರಿಕೆ, ಸಹಕಾರ ಸಂಘದ ವರದಿ, ಭಜನೆಯ ಪುಸ್ತಕ. ಒಮ್ಮೆ ಭಜನೆ ಪುಸ್ತಕದಲ್ಲಿ ಎರಡು ಸಾಲುಗಳ ಕೊನೆಗೂ 'ಗುರುವೇ' ಎಂದು ಬಂದಿತ್ತು. ಮೊದಲನೆಯ 'ಗುರುವೇ' ಜೋಡಿಸಿ ತಲೆಯೆತ್ತಿದಾಗ ಕಣ್ಣು ಎರಡನೆಯದರ ಮೇಲೆ ಹೋಗಿ ಕೂತಿತು. ನಡುವಿನ ಸಾಲೇ ಹಾರಿಹೋಯಿತು. ಎರಡು ವರ್ಷದ ಮೇಲೆ ಹರಿಹರದ ಬೇರೆ ಪ್ರೆಸ್ಸಿನವರು ಹಾಕಿದ ಪುಸ್ತಕ ಕೈಗೆ ಬಂತು. ಅದರಲ್ಲೂ ಆ ಸಾಲು ಇರಲಿಲ್ಲ. ತನ್ನ ಕಣ್ಣಿನ ತಪ್ಪು ತನ್ನನ್ನು ಬಿಟ್ಟು ಊರೂರು ತಿರುಗುತ್ತಿದೆ ಎಂದು ಅವಳಿಗೆ ಅವತ್ತು ಒಂಥರಾ ಆಗಿತ್ತು.

ಮೊಳೆಯ ಕಾಲ ಮುಗಿದು ಪ್ರೆಸ್ಸು ಮುಚ್ಚಿತು. ಅಷ್ಟರಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಮಾರಣ್ಣನ ಜೊತೆ ಮದುವೆಯಾಗಿತ್ತು. ಕಂಪ್ಯೂಟರ್ ಟೈಪಿಂಗ್ ಕಲಿತು ಅಲ್ಲಿ ಇಲ್ಲಿ ಕೆಲಸ ಮಾಡಿ, ನಲವತ್ತೆರಡನೆಯ ವಯಸ್ಸಿಗೆ ಈ ಆಫೀಸಿಗೆ ಬಂದಳು. ಗ್ರೀಕಿನ ಇಪ್ಪತ್ತನಾಲ್ಕು ಅಕ್ಷರಗಳ ಆಕಾರವನ್ನೂ ಹೆಸರನ್ನೂ ಒಂದು ವಾರದಲ್ಲಿ ಕಲಿತಳು. ಅಷ್ಟು ಸಾಕಾಗಿತ್ತು.

ಒಂದೇ ಪುಟವನ್ನು ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತು ಹೊಡೆಯುವುದು ಅಲ್ಲಿಯ ನಿಯಮ. ಇಬ್ಬರದ್ದನ್ನೂ ಕಂಪ್ಯೂಟರು ತಾಳೆ ನೋಡುತ್ತದೆ. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಕೆಂಪು ಗೆರೆ ಬೀಳುತ್ತದೆ. ಉಮಾಮಹೇಶ್ವರಿಯ ಜೋಡಿ ಹರಿಹರದ ನೂರ್ಜಹಾನ್. ತರಬೇತಿಯ ವಾರದಲ್ಲಿ ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಿದ್ದರು. ಆಮೇಲೆ ಕೆಲಸದ ಮಾತು ಆಡಬಾರದೆಂದು ಕಟ್ಟಾಜ್ಞೆಯಾಗಿತ್ತು.

ನಲವತ್ತೊಂದನೆಯ ಹಸ್ತಪ್ರತಿ ಬಂದದ್ದು ಒಂದು ಬೇಸಿಗೆಯಲ್ಲಿ. ಮರುಭೂಮಿಯ ಅಂಚಿನ ಯಾವುದೋ ಮಠದ್ದಂತೆ, ಸಾವಿರದ ನಾನೂರು ವರ್ಷ ಹಳೆಯದಂತೆ. ಕುರಿಯ ಚರ್ಮದ ಹಾಳೆಗಳು. ಬೈಬಲ್ಲಿನ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದ್ದನ್ನು ಕೊನೆಗೆ ಬರೆದಿದ್ದರು. ಪದ ಪದಕ್ಕೆ ನಡುವೆ ಜಾಗವಿಲ್ಲ; ಗೋಡೆ ಕಟ್ಟಿದ ಹಾಗೆ ಅಕ್ಷರದ ಪಕ್ಕ ಅಕ್ಷರ. ಅರ್ಥ ಗೊತ್ತಿಲ್ಲದಿದ್ದರೂ ಮೂರು ತಿಂಗಳು ಒಬ್ಬನ ಕೈಬರಹದ ಜೊತೆ ಕೂತರೆ ಮನುಷ್ಯ ಪರಿಚಯವಾಗುತ್ತಾನೆ. ಸಾಲಿನ ಕೊನೆಗೆ ಬಂದಾಗ ಜಾಗ ಸಾಲದೆ ಅಕ್ಷರಗಳನ್ನು ಪುಟ್ಟದಾಗಿ ಒತ್ತುತ್ತಿದ್ದ. ಪುಟದ ಕೆಳಭಾಗಕ್ಕೆ ಬಂದಂತೆ ಗೆರೆಗಳು ನಡುಗುತ್ತಿದ್ದವು. ವಯಸ್ಸಾದವನಿರಬೇಕು, ಬೆನ್ನು ನೋವಿರಬೇಕು ಎಂದುಕೊಂಡು ಉಮಾಮಹೇಶ್ವರಿ ತಾನೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು.

ಮಾರ್ಕನ ಭಾಗ ಮುಗಿಯಲು ಎಂಟು ಹಾಳೆ ಇರುವಾಗ ಆ ಕೈ ನಿಂತಿತು. ಸಾಲಿನ ಕೊನೆಯಲ್ಲೂ ಅಲ್ಲ, ಪುಟದ ಕೊನೆಯಲ್ಲೂ ಅಲ್ಲ. ಸಾಲಿನ ನಡುವೆ ಒಂದು ಅಕ್ಷರದ ಅಡ್ಡಗೆರೆ ಸ್ವಲ್ಪ ಕೆಳಕ್ಕೆ ಜಾರಿ ಅಲ್ಲಿಗೇ ಮುಗಿದಿತ್ತು. ಅದರ ಮುಂದಿನ ಅಕ್ಷರದಿಂದ ಬೇರೆ ಮಸಿ, ಬೇರೆ ಕೈ. ಅಕ್ಷರಗಳು ದುಂಡಗೆ, ಒತ್ತಿ ಬರೆದಂತೆ, ಆಗಷ್ಟೇ ಕಲಿತವರ ಅಕ್ಷರದಂತೆ.

"ಸರ್, ಇಲ್ಲಿಂದ ಬೇರೆಯೋರು ಬರೆದಾರೆ" ಎಂದು ಅವಳು ಅರುಣನಿಗೆ ತೋರಿಸಿದಳು.

"ಫೋಟೋ ಕಳಿಸೋ ಪ್ರೊಫೆಸರಮ್ಮನೂ ಅದನ್ನೇ ಬರೆದಿದ್ರು. ಎರಡು ಕೈ ಅಂತ" ಎಂದ ಅವನು.

"ಸಾಲಿನ ನಡುವೆ ಎದ್ದು ಹೋಗಿದಾರೆ, ಸರ್. ಹಂಗೆ ಯಾರು ಏಳ್ತಾರೆ?"

ಅವತ್ತು ಅವಳು ಊಟದ ಡಬ್ಬಿ ಬಿಚ್ಚದೆ ಮನೆಗೆ ತಂದಳು.

ಕೊನೆಯ ಪುಟ ಬಂದದ್ದು ಗುರುವಾರ ಮಧ್ಯಾಹ್ನ. ಎರಡು ಕಾಲಮ್ಮಿನ ಪುಟ. ಎಡಗಡೆಯದು ತುಂಬಿತ್ತು, ಬಲಗಡೆಯದು ಕಾಲು ಭಾಗಕ್ಕೆ ಮುಗಿದು ಕೆಳಗೆಲ್ಲ ಖಾಲಿ. ಅರುಣ ಮೊದಲೇ ಹೇಳಿದ್ದ: ಮಾರ್ಕನ ಕಥೆ ಅತಿ ಹಳೆಯ ಪ್ರತಿಗಳಲ್ಲಿ ಅಚಾನಕ್ಕಾಗಿ ಮುಗಿಯುತ್ತದಂತೆ. ಬೆಳಗಿನ ಹೊತ್ತು ಶಿಲುಬೆಗೇರಿಸಿದ ಗುರುವಿನ ಸಮಾಧಿಗೆ ಹೋದ ಹೆಂಗಸರು, ಅದು ತೆರೆದಿರುವುದನ್ನು ಕಂಡು ನಡುಗುತ್ತ ಓಡಿಹೋಗುತ್ತಾರೆ. ಯಾರಿಗೂ ಏನೂ ಹೇಳುವುದಿಲ್ಲ, ಏಕೆಂದರೆ ಅವರಿಗೆ ಭಯವಾಗಿತ್ತು. ಅಷ್ಟೇ. ಆಮೇಲಿನ ಪ್ರತಿಗಳಲ್ಲಿ ಇನ್ನೂ ಹನ್ನೆರಡು ವಚನಗಳಿವೆ. ಅವು ಮೊದಲಿನಿಂದ ಇದ್ದವೋ, ಯಾರೋ ಆಮೇಲೆ ಸೇರಿಸಿದರೋ ಎಂದು ವಿದ್ವಾಂಸರು ಚರ್ಚಿಸುತ್ತಲೇ ಬಂದಿದ್ದಾರೆ. ಈ ಪ್ರತಿಯೂ ಭಯದಲ್ಲೇ ಮುಗಿದಿತ್ತು. ಇದರ ಎದುರಿಗಿದ್ದ ಹಾಳೆಯನ್ನು ಯಾರೋ ಬಹಳ ಹಿಂದೆಯೇ ಚೂರಿಯಿಂದ ಕೊಯ್ದು ತೆಗೆದಿದ್ದರು; ಹೊಲಿಗೆಯ ಹತ್ತಿರ ಬೆರಳಗಲದ ಅಂಚು ಮಾತ್ರ ಉಳಿದಿತ್ತು.

ಕರೆಂಟು ಹೋಗಿ ಫ್ಯಾನು ನಿಂತಿತ್ತು. ಯುಪಿಎಸ್ ಮೇಲೆ ಪರದೆ ಮಾತ್ರ ಉರಿಯುತ್ತಿತ್ತು. ಉಳಿದವರೆಲ್ಲ ಕೆಳಗೆ ಗಾಳಿಗೆ ನಿಂತಿದ್ದರು. ಉಮಾಮಹೇಶ್ವರಿ ಒಬ್ಬಳೇ ಕೂತು ಹೊಡೆಯುತ್ತಿದ್ದಳು. ಕರೆಂಟು ಬಂದು ಫ್ಯಾನು ತಿರುಗಿದಾಗ ಬೆಚ್ಚಿ ನೋಡಿದಳು, ಪುಟ ಮುಗಿದಿತ್ತು. ಸೇವ್ ಮಾಡಿ ಎದ್ದು ನೀರು ಕುಡಿದಳು.

ಶನಿವಾರ ಅರುಣ ಅವಳನ್ನು ತನ್ನ ಮೇಜಿನ ಹತ್ತಿರ ಕರೆದ. ಪರದೆಯ ತುಂಬ ಕೆಂಪು ಗೆರೆ.

"ಹರಿಹರದಿಂದ ನೂರ್ಜಹಾನ್ ಅವರು ಇಲ್ಲಿ ಖಾಲಿ ಅಂತ ಹೊಡೆದಾರೆ. ನೀವು ಹನ್ನೊಂದು ಸಾಲು ಹೊಡೆದೀರಿ. ಎಲ್ಲಿಂದ ಬಂತು ಉಮಕ್ಕ ಇದು?"

"ಪುಟದಾಗ ಇದ್ದಿದ್ದೇ ಹೊಡೆದೀನಿ, ಸರ್."

"ನೋಡ್ರಿ ಮತ್ತೆ."

ಅವಳು ನೋಡಿದಳು. ಬಲಗಡೆಯ ಕಾಲಮ್ಮಿನ ಕೆಳಗೆ ಹಳದಿ ಚರ್ಮ, ಅಲ್ಲಲ್ಲಿ ಕಂದು ಕಲೆ, ಒಂದೆರಡು ಹುಳದ ತೂತು. ಅಕ್ಷರವೆಂಬುದು ಒಂದೂ ಇರಲಿಲ್ಲ. ಹಿಗ್ಗಿಸಿ ನೋಡಿದಳು, ಕುಗ್ಗಿಸಿ ನೋಡಿದಳು. ತಾನು ಹೊಡೆದಿದ್ದ ಸಾಲುಗಳನ್ನು ಪಕ್ಕದಲ್ಲಿ ನೋಡಿದಳು. ಏಳನೆಯ ಸಾಲಿನ ಮೊದಲ ನಾಲ್ಕು ಅಕ್ಷರ: ಆಲ್ಫಾ, ಮ್ಯೂ, ಮ್ಯೂ, ಆಲ್ಫಾ. ಅವಳ ತುಟಿ ತಾನಾಗಿ ಅದನ್ನು ಕೂಡಿಸಿ ಓದಿತು. ಅಮ್ಮಾ.

ಅವಳು ಅದನ್ನು ಅರುಣನಿಗೆ ಹೇಳಲಿಲ್ಲ. ಮನೆಗೆ ಹೋಗಿ ಅತ್ತೆಗೆ ಹೇಳಿದಳು. ಅತ್ತೆ ಯಲ್ಲಕ್ಕ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಖಾಲಿ ಹಾಳ್ಯಾಗಿಂದ ಯಾರೋ ಅಮ್ಮಾ ಅಂತ ಕರೀತಾರೆ ಅಂತೀಯಲ್ಲ, ಇದು ಬರೇ ಕೆಲಸದ ದಣಿವಲ್ಲವ್ವ. ನಿನ್ನ ಬೆರಳು ನೋಡಿದೀಯಾ? ರೊಟ್ಟಿ ತಟ್ಟುವಾಗ್ಲೂ ಹಿಟ್ಟಿನ ಮ್ಯಾಲೆ ಟಕಟಕ ಕುಣೀತಾವೆ. ನಾನು ನೋಡ್ತಾನೇ ಇದೀನಿ."

ಉಮಾಮಹೇಶ್ವರಿ ತನ್ನ ಬೆರಳು ನೋಡಿಕೊಂಡಳು. ತೊಡೆಯ ಮೇಲಿದ್ದ ಬಲಗೈಯ ತೋರುಬೆರಳು ಮೆಲ್ಲಗೆ ಏಳುತ್ತ ಬೀಳುತ್ತಲಿತ್ತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡಳು.

ಸೋಮವಾರ ವಿಶ್ವವಿದ್ಯಾಲಯದಿಂದ ಉತ್ತರ ಬಂತು. ಅರುಣ ಅದನ್ನು ಎರಡು ಸಲ ಓದಿ, ಬಾಗಿಲು ಹಾಕಿಕೊಂಡು ಅವಳನ್ನು ಕೂರಿಸಿದ.

"ಉಮಕ್ಕ, ನಿಮಗೆ ಗ್ರೀಕ್ ಓದಾಕೆ ಬರ್ತೈತಾ?"

"ಅಕ್ಷರ ಗೊತ್ತು. ಅರ್ಥ ಗೊತ್ತಿಲ್ಲ ಸರ್, ನಿಮಗೇ ಗೊತ್ತಲ್ಲ."

"ನೀವು ಹೊಡೆದ ಹನ್ನೊಂದು ಸಾಲು ಶುದ್ಧ ಗ್ರೀಕ್ ಅಂತೆ. ವ್ಯಾಕರಣದ ಸಣ್ಣ ತಪ್ಪುಗಳೂ ಆ ಕಾಲದ ಜನ ಮಾಡ್ತಿದ್ದಂಥವೇ ಅಂತೆ. ಆದ್ರೆ ಪುಟದಾಗೆ ಏನೂ ಇಲ್ಲ. ಎಲ್ಲಿಂದಾದ್ರೂ ನಕಲು ಮಾಡಿ ತುರುಕಿದಾರಾ ಅಂತ ಕೇಳಿದಾರೆ. ಹೌದಾದ್ರೆ ನಮ್ಮ ಇಡೀ ಕೆಲಸನೇ ಅನುಮಾನಕ್ಕೆ ಬೀಳ್ತೈತೆ."

"ಏನಂತ ಐತೆ ಅದರಾಗೆ?"

"ಅದನ್ನ ಅವರು ಹೇಳಿಲ್ಲ. ನಿಮ್ಮಿಂದ ಉತ್ತರ ಬಂದ ಮ್ಯಾಲೆ ಹೇಳ್ತಾರಂತೆ."

ಆ ಮಧ್ಯಾಹ್ನ ಕರೆಂಟು ಹೋಗಿದ್ದಾಗಿನಿಂದ ಬರುವವರೆಗಿನ ಹೊತ್ತು ತನ್ನ ನೆನಪಿನಲ್ಲಿ ಎಲ್ಲೂ ಇಲ್ಲವೆಂದು ಅವಳಿಗೆ ಆಗ ಹೊಳೆಯಿತು. ಅರುಣ ಎರಡು ದಿನ ರಜೆ ತೊಗೊಳ್ಳಿ ಎಂದ.

ಬುಧವಾರ ಅಮಾವಾಸ್ಯೆ. ಯಲ್ಲಕ್ಕ ಯಾರ ಮಾತನ್ನೂ ಕೇಳದೆ ಸೊಸೆಯನ್ನು ಉಕ್ಕಡಗಾತ್ರಿಗೆ ಹೊರಡಿಸಿದಳು. ಗಾಳಿ ಸೋಕಿದವರನ್ನು ಅಲ್ಲಿಯ ಗುಡಿಯ ಅಜ್ಜಯ್ಯನ ಸನ್ನಿಧಿಗೆ ಕರೆದುಕೊಂಡು ಹೋಗುವುದು ಅವರ ಮನೆಯಲ್ಲಿ ಹಿಂದಿನಿಂದ ಇದ್ದ ನಡೆ. ಇಬ್ಬರೂ ತುಂಗಭದ್ರೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಗುಡಿಗೆ ಬಂದರು. ಅಂಗಳದಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕೂದಲು ಬಿಚ್ಚಿಕೊಂಡ ಹೆಂಗಸರು ಅಲ್ಲಲ್ಲಿ ತೂಗುತ್ತಿದ್ದರು. ಕಂಬದ ಹತ್ತಿರ ಇಪ್ಪತ್ತರ ಹರೆಯದವಳೊಬ್ಬಳು ಗೋಡೆಗೆ ಮುಖಮಾಡಿ ಕೂತಿದ್ದಳು. ಅವಳ ಕಡೆಯ ಮುದುಕನೊಬ್ಬ ಬಗ್ಗಿ, ಜೋರಾಗಿ ಅಲ್ಲ, ಮಾತಾಡಿಸುವ ಹಾಗೆ ಕೇಳುತ್ತಿದ್ದ: "ಯಾರವ್ವ ನೀನು? ಹೆಸರು ಹೇಳು. ಹೆಸರು ಹೇಳಿದ್ರೆ ಬಿಡಸ್ತೀವಿ."

ಆ ಹುಡುಗಿ ಒದ್ದೆ ಬೆರಳಿಂದ ಕಲ್ಲಿನ ಮೇಲೆ ಏನೋ ಬರೆದಳು. ಬರೆದದ್ದು ಬಿಸಿಲಿಗೆ ಆಗಿಂದಾಗಲೇ ಆರುತ್ತಿತ್ತು. ಮತ್ತೆ ಬರೆದಳು, ಮತ್ತೆ ಆರಿತು. ಉಮಾಮಹೇಶ್ವರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೈ ಮುಗಿದು, ಭಸ್ಮ ಹಚ್ಚಿಸಿಕೊಂಡು ಹೊರಗೆ ಬಂದಳು.

ಗುಡಿಯ ಹೊರಗೆ ಸಾಲಾಗಿ ಕುಂಕುಮ, ಬಳೆ, ದಾರದ ಅಂಗಡಿಗಳು. ಯಲ್ಲಕ್ಕ ಬಳೆ ನೋಡುತ್ತ ನಿಂತಳು. ಉಮಾಮಹೇಶ್ವರಿ ಅಂಗಡಿಯ ಒಳಗಡೆ ಕಣ್ಣು ನೆಟ್ಟು ನಿಂತಿದ್ದವಳು ಹೇಳಿದಳು:

"ಅತ್ತೆ, ಹರಿಹರದ ಬಸ್ಸು ಬಂತು. ಬರ್ರಿ."

ಯಲ್ಲಕ್ಕ ಸೊಸೆ ನೋಡುತ್ತಿದ್ದ ಕಡೆ ನೋಡಿದಳು. "ಎಲ್ಲೈತೆ ಬಸ್ಸು? ಅಂಗಡಿ ಗೋಡೆ ಐತೆ ಅಲ್ಲಿ."

"ಅಲ್ನೋಡ್ರಿ, ಬೋರ್ಡು ಕಾಣಸ್ತೈತಲ್ಲ."

ಯಲ್ಲಕ್ಕ ಸೊಸೆಯ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡಳು. ಅಂಗಡಿಯವನು ನಕ್ಕ: "ಕನ್ನಡ್ಯಾಗೆ ನೋಡ್ತಿದಾರೆ ಕಣಮ್ಮ. ಬಸ್ಸು ನಿಮ್ಮ ಹಿಂದೆ ನಿಂತೈತೆ."

ಹೌದು, ಗೋಡೆಯ ಮೇಲೆ ಆಳೆತ್ತರದ ಕನ್ನಡಿ ಇತ್ತು. ಅದರೊಳಗೆ ಬಸ್ಸು ನಿಂತಿತ್ತು. ಬೋರ್ಡಿನ ಅಕ್ಷರಗಳೆಲ್ಲ ತಿರುಗುಮುರುಗಾಗಿ ಬಲದಿಂದ ಎಡಕ್ಕೆ ಸಾಲುಗಟ್ಟಿದ್ದವು. ತಿರುಗುಮುರುಗಾಗಿವೆ ಎಂಬುದು ಅವಳಿಗೆ ಗೊತ್ತೇ ಆಗಿರಲಿಲ್ಲ. ಹತ್ತು ವರ್ಷ ಸೀಸದ ಮೊಳೆಯ ಮೇಲೆ ಕನ್ನಡಿ ಅಕ್ಷರ ಓದಿದ ಕಣ್ಣು ಅದು. ಮನಸ್ಸು ಬೇರೆ ಕಡೆ ಇದ್ದಾಗ ಎರಡಕ್ಕೂ ವ್ಯತ್ಯಾಸ ಎಣಿಸುತ್ತಿರಲಿಲ್ಲ.

ಅವಳು ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಪ್ರೆಸ್ಸಿನಲ್ಲಿ ಹಸಿ ಮಸಿಯ ಹಾಳೆಯ ಮೇಲೆ ಇನ್ನೊಂದು ಹಾಳೆ ಬಿದ್ದರೆ ಅದಕ್ಕೆ ಅಕ್ಷರ ಅಂಟುತ್ತಿತ್ತು, ತಿರುಗುಮುರುಗಾಗಿ. ಮಾಲೀಕರು ಅದಕ್ಕೇ ಎಷ್ಟು ಸಲ ಬೈದಿದ್ದರು. ಕೊಯ್ದು ತೆಗೆದ ಹಾಳೆ ಆ ಖಾಲಿ ಪುಟದ ಎದುರಿಗಿತ್ತು. ಪುಸ್ತಕ ಮುಚ್ಚಿದಾಗ ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಎಷ್ಟೋ ವರ್ಷ. ಅದರ ಮಸಿ ಇದಕ್ಕೆ ಇಳಿದಿರಬೇಕು.

"ಅತ್ತೆ, ಹರಿಹರದಾಗೆ ಇಳಿಯೋಣ. ನೂರ್ಜಹಾನ್ ಆಪಾನ ಮನೆಗೆ ಹೋಗ್ಬೇಕು."

ಹರಿಹರದ ಆಫೀಸೆಂದರೆ ಹಳೆಯ ಸೇತುವೆಯ ಕಡೆಯ ಓಣಿಯಲ್ಲಿದ್ದ ನೂರ್ಜಹಾನಳ ಮನೆಯ ಮುಂದಿನ ಕೋಣೆ, ಅಲ್ಲಿದ್ದ ಎರಡು ಕಂಪ್ಯೂಟರು. ನೂರ್ಜಹಾನಳಿಗೆ ಐವತ್ತು ದಾಟಿತ್ತು. ಒದ್ದೆ ಕೂದಲು, ಹಣೆಯ ತುಂಬ ಭಸ್ಮ ಹೊತ್ತು ಬಂದ ಉಮಾಮಹೇಶ್ವರಿಯನ್ನು ಕಂಡು ಅವಳು ಎರಡು ಕುರ್ಚಿ ಎಳೆದು ಹಾಕಿದಳು.

"ಬರ್ರಿ, ಕೂಡ್ರಿ. ಅಮ್ಮಾರೂ ಕೂಡ್ರಿ. ನೀವು ಬರ್ತೀರಿ ಅಂತ ಅನಸ್ತಿತ್ತು ನಂಗೆ" ಎಂದಳು.

"ಆಪಾ, ಆ ಕೊನೇ ಪುಟ. ನಿಮಗೆ ಏನೂ ಕಾಣಲಿಲ್ವಾ?"

ನೂರ್ಜಹಾನ್ ಕಂಪ್ಯೂಟರಿನ ಕಡೆ ತಿರುಗಿದಳು. "ಅಕ್ಷರ ಕಾಣಲಿಲ್ಲ. ಆದ್ರೆ ಆ ಪುಟದ ಮುಂದೆ ಕೂಡಾಕೆ ಆಗ್ಲಿಲ್ಲ ಉಮಕ್ಕ. ಪರದೆ ಆ ಕಡೆಯಿಂದ ಯಾರೋ ಮುಖ ಹಚ್ಚಿ ಈ ಕಡೆ ನೋಡ್ದಂಗೆ ಆಗ್ತಿತ್ತು. ಖಾಲಿ ಅಂತ ಹೊಡೆದು ಜಲ್ದಿ ಎದ್ದುಬಿಟ್ಟೆ. ನಿಜ ಹೇಳಬೇಕಂದ್ರೆ ಸರಿಯಾಗಿ ನೋಡಲೇ ಇಲ್ಲ."

ನಿಯಮ ಮುರಿದು ಇಬ್ಬರೂ ಆ ಪುಟ ತೆರೆದರು. ಉಮಾಮಹೇಶ್ವರಿ ಹೇಳಿದಂತೆ ನೂರ್ಜಹಾನ್ ಚಿತ್ರವನ್ನು ಎಡ ಬಲ ಮಗುಚಿದಳು. ಬಣ್ಣ ತೆಗೆದು ಕಪ್ಪು ಬಿಳಿ ಮಾಡಿದಳು. ಬೆಳಕು ತಗ್ಗಿಸುತ್ತ ಬಂದಳು. ಮೊದಲು ಏನೂ ಇರಲಿಲ್ಲ. ಆಮೇಲೆ ಹಸಿ ಗೋಡೆಯ ಮೇಲೆ ತೇವ ಏಳುವ ಹಾಗೆ ಒಂದೊಂದೇ ಗೆರೆ ಎದ್ದು ಬಂತು. ಗ್ರೀಕಿನ ದೊಡ್ಡಕ್ಷರಗಳಲ್ಲಿ ಅರ್ಧಕ್ಕರ್ಧ ಎಡ ಬಲ ಎರಡೂ ಒಂದೇ ರೀತಿಯವು. ಆದರೂ ಗೆರೆಗಳು ಎಷ್ಟು ಮಸುಕಾಗಿದ್ದವೆಂದರೆ ಎಲ್ಲರೂ ಕಲೆ ಎಂದುಕೊಂಡಿದ್ದರು. ದುಂಡನೆಯ ಅಕ್ಷರಗಳು. ಎರಡನೆಯ ಕೈ.

ಉಮಾಮಹೇಶ್ವರಿ ಹೊಡೆದದ್ದನ್ನು ಅರುಣನಿಗೆ ಫೋನು ಮಾಡಿ ತರಿಸಿಕೊಂಡು ಇಬ್ಬರೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು. ಮೊದಲ ಆರು ಸಾಲು ಸರಿಯಾಗಿ ಕೂಡಿತು. ಏಳನೆಯ ಸಾಲಿನಲ್ಲಿ ಆಲ್ಫಾ, ಮ್ಯೂ, ಮ್ಯೂ, ಆಲ್ಫಾ ಇತ್ತು. ಮಗುಚಿದರೂ ಮಗುಚದಿದ್ದರೂ ಅದು ಹಾಗೇ ಇರುವ ಪದ. ಅದರ ಮುಂದೆ ಬರೀ ಚರ್ಮ. ಎಂಟರಿಂದ ಹನ್ನೊಂದು ಮತ್ತೆ ಸರಿಯಾಗಿತ್ತು.

"ಇಲ್ಲಿ ನೀವು ಇನ್ನೂ ಆರು ಅಕ್ಷರ ಹೊಡೆದೀರಿ" ಎಂದಳು ನೂರ್ಜಹಾನ್. "ಇಲ್ಲಿ ಏನೂ ಇಲ್ಲಲ್ಲ."

ಉಮಾಮಹೇಶ್ವರಿ ಬಗ್ಗಿ ನೋಡಿದಳು. ಏನೂ ಇರಲಿಲ್ಲ. ಹಿಂದೆ ಕುರ್ಚಿಯಲ್ಲಿ ಕೂತಿದ್ದ ಯಲ್ಲಕ್ಕ ಮೆಲ್ಲಗೆ ಅಜ್ಜಯ್ಯನ ಹೆಸರು ಹೇಳತೊಡಗಿದಳು.

ಮಗುಚಿದ ಚಿತ್ರವನ್ನು ಅರುಣ ಅವತ್ತೇ ಸಂಜೆ ಕಳಿಸಿದ. ಮರುದಿನ ಪ್ರೊಫೆಸರಮ್ಮ ತಾವೇ ವಿಡಿಯೋ ಕರೆ ಮಾಡಿದರು. ಬಿಳಿ ಕೂದಲಿನ, ಕನ್ನಡಕದ ಹೆಂಗಸು. ಕೊಯ್ದು ಹೋದ ಹಾಳೆಯಲ್ಲಿ ಆ ಹನ್ನೆರಡು ವಚನಗಳಿದ್ದವೇನೋ ಎಂಬ ಆಸೆ ಮೊದಲು ಹುಟ್ಟಿತ್ತೆಂದೂ, ಅದು ಅಲ್ಲವೆಂದೂ, ಆದರೆ ತಮ್ಮ ಮಟ್ಟಿಗೆ ಇದು ಅದಕ್ಕಿಂತ ಕಡಿಮೆಯಲ್ಲವೆಂದೂ ಹೇಳಿದರು. ಆಮೇಲೆ ಆ ಸಾಲುಗಳ ಅರ್ಥ ಓದಿದರು. ಅರುಣ ಕನ್ನಡದಲ್ಲಿ ಹೇಳುತ್ತ ಹೋದ:

"ಇದನ್ನು ಬರೆಯುತ್ತಿದ್ದ ನನ್ನ ತಂದೆ ಪದದ ನಡುವೆ ಸತ್ತ. ಲೇಖನಿ ಅವನ ಕೈಯಿಂದ ಜಾರಿತು. ಪದವನ್ನು ಅರ್ಧಕ್ಕೆ ಬಿಡಬಾರದೆಂದು ನಾನು ಎತ್ತಿಕೊಂಡೆ. ಉಳಿದದ್ದನ್ನು ಬರೆದವಳು ನಾನು, ಅಮ್ಮಾ..." ಅರುಣ ನಿಲ್ಲಿಸಿದ. "ಇಲ್ಲಿ ನೀವು ಹೊಡೆದಿರೋ ಆರು ಅಕ್ಷರ, ಉಮಕ್ಕ. ಆ ಕಾಲದಾಗೆ ಅಲ್ಲಿಯ ಸನ್ಯಾಸಿನಿಯರನ್ನ ಅಮ್ಮಾ ಅಂತಿದ್ರಂತೆ. ಅದಾದ ಮ್ಯಾಲೆ ಹೆಸರು, ಗ್ರೀಕಿನಾಗೆ ಆರು ಅಕ್ಷರದ್ದು. ಯೂಸ್ತಾ. ಆಮೇಲೆ ಹಿಂಗೈತೆ: ನಾನು ಈ ವಿದ್ಯೆ ಕಲಿತವಳಲ್ಲ. ಓದುವವರೇ, ತಪ್ಪು ಕಂಡರೆ ತಿದ್ದಿರಿ. ನನ್ನನ್ನು ತೆಗೆಯಬೇಡಿ."

ಪ್ರೊಫೆಸರಮ್ಮ ಆ ಹಾಳೆಯ ಹೊಸ ಫೋಟೋಗಳನ್ನು ಬೇರೆ ಬೇರೆ ಬೆಳಕಿನಲ್ಲಿ ತೆಗೆಸಿದರು. ಮೂರು ವಾರ ಹಿಡಿಯಿತು. ಅಷ್ಟು ದಿನ ಉಮಾಮಹೇಶ್ವರಿ ಬೇರೆ ಹಸ್ತಪ್ರತಿಯ ಕೆಲಸ ಮಾಡಿದಳು. ಬೆರಳು ಕುಣಿಯುವುದು ನಿಂತಿತ್ತು. ಅಜ್ಜಯ್ಯ ಬಿಡಿಸಿದ ಎಂದು ಯಲ್ಲಕ್ಕ ಓಣಿಯಲ್ಲೆಲ್ಲ ಹೇಳಿದ್ದಳು. ಮಾರಣ್ಣನಿಗೂ ಸಮಾಧಾನವಾಗಿತ್ತು. ಅವಳೂ ಹಾಗೆಯೇ ನಂಬಲು ನೋಡಿದಳು.

ಹೊಸ ಫೋಟೋಗಳು ಬಂದ ದಿನ ಅರುಣ ನೂರ್ಜಹಾನಳನ್ನೂ ದಾವಣಗೆರೆಗೆ ಕರೆಸಿದ. ಮತ್ತೆ ಅದೇ ವಿಡಿಯೋ ಕರೆ. ನೀಲಿ ಬೆಳಕಿನ ಫೋಟೋದಲ್ಲಿ ಹನ್ನೊಂದೂ ಸಾಲು ಸ್ಪಷ್ಟವಾಗಿ ಎದ್ದಿದ್ದವು. ಏಳನೆಯ ಸಾಲಿನ ಕೊನೆಯಲ್ಲಿ ಮಾತ್ರ ಚರ್ಮ ನವಿರು ನವಿರಾಗಿ ಎದ್ದು, ಉಗುರಿನಲ್ಲಿ ಕೆರೆದ ಹಾಗೆ ಉದ್ದುದ್ದ ಗೀರುಗಳು.

"ಇದು ಹುಳ ತಿಂದಿದ್ದಲ್ಲಂತೆ" ಎಂದ ಅರುಣ, ಪ್ರೊಫೆಸರಮ್ಮನ ಮಾತು ಕೇಳಿಕೊಳ್ಳುತ್ತ. "ಚೂರಿಯಿಂದ ಕೆರೆದಿದ್ದು. ಹಾಳೆ ಕೊಯ್ದವನಿಗೆ ಅದರ ನೆರಳು ಈ ಪುಟದ ಮ್ಯಾಲೆ ಉಳಿದೈತೆ ಅಂತ ಕಂಡೈತೆ. ಮಿಕ್ಕಿದ್ದನ್ನ ಬಿಟ್ಟು ಹೆಸರು ಮಾತ್ರ ಹುಡುಕಿ ಕೆರೆದಾನೆ. ಅಂಚು ಸವೆದಿರೋದು ನೋಡಿದ್ರೆ ಸಾವಿರ ವರ್ಷಕ್ಕಿಂತ ಹಿಂದಿನ ಕೆಲಸ ಅಂತಾರೆ."

ನೂರ್ಜಹಾನ್ ಉಮಾಮಹೇಶ್ವರಿಯ ಕೈ ಹಿಡಿದುಕೊಂಡಳು. ಎಲ್ಲರಿಗೂ ಒಂದೇ ಯೋಚನೆ. ಸಾವಿರ ವರ್ಷದಿಂದ ಅಲ್ಲಿ ಇಲ್ಲದ ಆರು ಅಕ್ಷರಗಳನ್ನು ಅವಳು ಯಾವುದನ್ನು ನೋಡಿ ಹೊಡೆದಳು?

ಪ್ರೊಫೆಸರಮ್ಮ ಪರದೆಯ ಹತ್ತಿರಕ್ಕೆ ಬಗ್ಗಿ ಏನೋ ಕೇಳಿದರು. ಅರುಣ ಹಿಂಜರಿಯುತ್ತ ಅದನ್ನು ಕನ್ನಡಕ್ಕೆ ತಂದ: "ಹೆಸರನ್ನ ನೀವು ಕಣ್ಣಾರೆ ನೋಡಿದ್ರಾ, ಇಲ್ಲಾ ಊಹೆ ಮಾಡಿದ್ರಾ ಅಂತ ಕೇಳ್ತಿದಾರೆ. ಯಾವುದಾದ್ರೂ ಸರಿ, ನಿಜ ಹೇಳಿದ್ರೆ ಸಾಕಂತೆ."

ಉಮಾಮಹೇಶ್ವರಿ ತುಂಬ ಹೊತ್ತು ಯೋಚಿಸಿದಳು. ಹೌದು ನೋಡಿದೆ ಎಂದುಬಿಟ್ಟರೆ ಆ ಹೆಣ್ಣುಮಗಳ ಹೆಸರು ಪುಸ್ತಕ ಸೇರುತ್ತದೆ. ಆದರೆ ನೋಡಿದ ನೆನಪು ಅವಳಿಗಿರಲಿಲ್ಲ. ಇಲ್ಲದ್ದನ್ನು ಇದೆ ಎನ್ನುವುದು ಈ ಕೆಲಸದಲ್ಲಿ ಸಲ್ಲದು ಎಂದು ನಾಲ್ಕು ವರ್ಷದಿಂದ ಕೈಗೆ ಅಭ್ಯಾಸವಾಗಿತ್ತು.

"ನೋಡಿದೀನಿ ಅಂತ ಆಣೆ ಮಾಡಾಕೆ ಆಗಲ್ಲ, ಸರ್" ಎಂದಳು. "ಆ ಹೊತ್ತು ನನಗೆ ನೆನಪಿಲ್ಲ. ಆದ್ರೆ ಊಹೆ ಮಾಡಿಲ್ಲ. ಊಹೆ ಮಾಡಾಕೆ ನಂಗೆ ಗ್ರೀಕ್ ಬರಲ್ಲ."

ಅರುಣ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಆ ಕಡೆ ಪ್ರೊಫೆಸರಮ್ಮ ಕನ್ನಡಕ ತೆಗೆದು ಸ್ವಲ್ಪ ಹೊತ್ತು ಕಣ್ಣು ಒತ್ತಿಕೊಂಡರು. ಆಮೇಲೆ ಆ ಮಾತನ್ನೇ ಬರೆದು ಸಹಿ ಮಾಡಿ ಕಳಿಸಲು ಹೇಳಿದರು. ಉಮಾಮಹೇಶ್ವರಿ ಕನ್ನಡದಲ್ಲೇ ಬರೆದಳು. ಗೆರೆ ಹಾಕಿದ ಹಾಳೆಯಲ್ಲಿ ಏಳು ಸಾಲು, ಕೆಳಗೆ ತನ್ನ ಪೂರ್ತಿ ಹೆಸರು, ತಂದೆಯ ಹೆಸರು ಕಲ್ಲೇಶಪ್ಪ, ಊರು ಭಾನುವಳ್ಳಿ. ಆ ಹಾಳೆ ಈಗ ದೂರದ ಗ್ರಂಥಾಲಯದಲ್ಲಿ ನಲವತ್ತೊಂದನೆಯ ಹಸ್ತಪ್ರತಿಯ ಫೈಲಿನೊಳಗೆ ಇದೆ.

ಮುಂದಿನ ವರ್ಷ ವಿದ್ವಾಂಸರು ಆ ಹಸ್ತಪ್ರತಿಯ ಪಾಠವನ್ನು ಅಚ್ಚು ಮಾಡಿದರು. ಅರುಣ ಒಂದು ಪುಟದ ಪ್ರಿಂಟ್ ತೆಗೆದು ತಂದುಕೊಟ್ಟ. ಹನ್ನೊಂದು ಸಾಲುಗಳನ್ನೂ ಹಾಕಿದ್ದರು. ಏಳನೆಯದರಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಕಂಸ ಹಾಕಿದ್ದರು. ಪುಟದ ಕೆಳಗೆ ಸಣ್ಣಕ್ಷರದ ಟಿಪ್ಪಣಿಯಲ್ಲಿ 'ಯೂಸ್ತಾ' ಎಂದಿತ್ತು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. 'ಪ್ರತಿ ತೆಗೆದವಳು ಹೀಗೆ ಓದಿದ್ದಾಳೆ; ಇಂದು ಹಾಳೆಯ ಮೇಲೆ ಕಾಣುವುದಿಲ್ಲ' ಎಂದು ಮುಂದೆ ಬರೆದಿತ್ತು.

"ಪ್ರಶ್ನೆ ಚಿಹ್ನೆ ಹಾಕ್ಯಾರಲ್ಲ" ಎಂದು ಫೋನಿನಲ್ಲಿ ನೂರ್ಜಹಾನ್ ಬೇಜಾರು ಮಾಡಿಕೊಂಡಳು.

"ಇರಲಿ ಆಪಾ. ತೆಗೆದಿಲ್ಲಲ್ಲ" ಎಂದಳು ಉಮಾಮಹೇಶ್ವರಿ.

ಅವಳು ಈಗಲೂ ಅದೇ ಮಹಡಿಯಲ್ಲಿ, ಅದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಾಳೆ. ಬರಹವಿರುವ ಪುಟ ಎಷ್ಟೇ ಮಸುಕಾಗಿರಲಿ, ಅವಳಿಗೆ ಅಂಜಿಕೆಯಿಲ್ಲ. ಖಾಲಿ ಪುಟ ಬಂದಾಗ ಮಾತ್ರ ಉಳಿದವರು ಊಟ ಮುಗಿಸಿ ಮೇಲೆ ಬರುವವರೆಗೆ ಅದನ್ನು ತೆರೆಯದೆ ಇಟ್ಟಿರುತ್ತಾಳೆ.